ಅಲಾಯ್ ಹಾಕಿಸುವ ಮೊದಲು ಗಾಳಿ ಸೆನ್ಸರ್ ವಿಚಾರ ಮುಗಿಸಿಕೊಳ್ಳಿ

ಅಲಾಯ್ ವೀಲ್ ಕೊಳ್ಳಲು ಹೋದವರು ಮೊದಲು ನೋಡುವುದು ಡಿಸೈನ್, ಆಮೇಲೆ ರೇಟು. ಟಯರ್ ಒಳಗಿನ ಗಾಳಿ ಸೆನ್ಸರ್ ನೆನಪಾಗುವುದು ಎಲ್ಲ ಮುಗಿದು, ಮೀಟರ್‌ನಲ್ಲಿ ಹಳದಿ ದೀಪ ಹತ್ತಿಕೊಂಡ ಮೇಲೆ. ಆಗ ನಾಲ್ಕೂ ಟಯರ್ ಮತ್ತೆ ಬಿಚ್ಚಬೇಕು, ಸೆನ್ಸರ್ ಕೂರಿಸಬೇಕು, ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಬೇಕು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು. ಕ್ರಮ ಬದಲಿಸಿದರೆ ಇದು ತಪ್ಪುತ್ತದೆ: ಮೊದಲು ಸೆನ್ಸರ್, ಆಮೇಲೆ ಅಳತೆ, ಚಂದ ಕೊನೆಗೆ.

ಇಲ್ಲಿ ಹೇಳುತ್ತಿರುವುದು ನಮ್ಮ ಕಡೆ ಜಾಸ್ತಿ ಓಡುವ ಹ್ಯಾಚ್‌ಬ್ಯಾಕ್, ಸೆಡಾನ್, ಸಣ್ಣ ಎಸ್‌ಯುವಿಗಳ ಬಗ್ಗೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಾಕಿಸಿ ಇಲ್ಲವೇ ನಿಮ್ಮೂರಿನ ಟಯರ್ ಅಂಗಡಿಯಲ್ಲಿ ಹಾಕಿಸಿ, ಅಂಗಡಿಯವರು ಬೇಗ ಮುಗಿಸಿ ಕಳಿಸುತ್ತಾರೆ. ಆ ಗಡಿಬಿಡಿಯಲ್ಲಿ ಕೇಳಬೇಕಾದ್ದನ್ನೆಲ್ಲ ಕೇಳಲು ಆಗುವುದಿಲ್ಲ. ಮನೆಯಲ್ಲೇ ಒಂದು ಚೀಟಿ ಬರೆದುಕೊಂಡು ಹೋಗಿ.

1. ನಿಮ್ಮ ಕಾರಿನಲ್ಲಿ ಯಾವ ಬಗೆ ಇದೆ?

ಟಯರ್ ಗಾಳಿ ಕಡಿಮೆಯಾದರೆ ತಿಳಿಸುವ ವ್ಯವಸ್ಥೆಗೆ ಟಿಪಿಎಂಎಸ್ ಅನ್ನುತ್ತಾರೆ. ಇದರಲ್ಲಿ ಎರಡು ಬಗೆ.

ಮೊದಲನೆಯದು ನೇರ ಬಗೆ. ಪ್ರತಿ ಚಕ್ರದ ಒಳಗೆ, ವಾಲ್ವ್‌ನ ಬುಡದಲ್ಲೇ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದರಲ್ಲಿ ಬ್ಯಾಟರಿ ಇದೆ, ರೇಡಿಯೋ ಇದೆ, ತನ್ನದೇ ಒಂದು ಗುರುತಿನ ನಂಬರ್ ಇದೆ. ಗಾಳಿ ಎಷ್ಟಿದೆ, ಒಳಗೆ ಬಿಸಿ ಎಷ್ಟಿದೆ ಅಂತ ಕಾರಿನ ಕಂಪ್ಯೂಟರ್‌ಗೆ ಆಗಾಗ ಕಳಿಸುತ್ತಿರುತ್ತದೆ.

ಎರಡನೆಯದು ಪರೋಕ್ಷ ಬಗೆ. ಇದರಲ್ಲಿ ಚಕ್ರದೊಳಗೆ ಏನೂ ಇಲ್ಲ. ಎಬಿಎಸ್‌ಗಾಗಿ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ವೇಗದ ಸೆನ್ಸರ್‌ಗಳನ್ನೇ ಬಳಸಿಕೊಳ್ಳುತ್ತದೆ. ಗಾಳಿ ಇಳಿದ ಟಯರ್‌ನ ಸುತ್ತಳತೆ ಚೂರು ಕಡಿಮೆಯಾಗುತ್ತದೆ, ಹಾಗಾಗಿ ಅದು ಉಳಿದ ಮೂರಕ್ಕಿಂತ ಚೂರು ಬೇಗ ತಿರುಗುತ್ತದೆ. ಆ ವ್ಯತ್ಯಾಸ ಕಂಡರೆ ದೀಪ ಹತ್ತುತ್ತದೆ. ಲೆಕ್ಕ ಜಾಣತನದ್ದೇ. ಆದರೆ ನಾಲ್ಕೂ ಟಯರ್‌ನಲ್ಲಿ ಸಮವಾಗಿ ಗಾಳಿ ಇಳಿದರೆ ಈ ವಿಧಾನಕ್ಕೆ ಅದು ಸುಲಭವಾಗಿ ಗೊತ್ತಾಗುವುದಿಲ್ಲ.

ಯಾವುದು ಅಂತ ಕಂಡುಹಿಡಿಯುವುದು ಹೇಗೆ? ಮೀಟರ್‌ನಲ್ಲಿ ಒಂದೊಂದು ಟಯರ್‌ಗೂ ಬೇರೆ ಬೇರೆ ಸಂಖ್ಯೆ ಕಾಣಿಸಿದರೆ ಅದು ನೇರ ಬಗೆ. ಕಿಯಾ ಸೆಲ್ಟೋಸ್‌ನ ಮೇಲಿನ ಮಾಡೆಲ್‌ಗಳಲ್ಲಿ ಇದನ್ನು ನೋಡಿರುತ್ತೀರಿ. ಸಂಖ್ಯೆ ಇಲ್ಲ, ಬರೀ ದೀಪ ಮತ್ತು ರೀಸೆಟ್ ಆಯ್ಕೆ ಇದೆ ಅಂದರೆ ಹೆಚ್ಚಾಗಿ ಪರೋಕ್ಷ. ಫೋಕ್ಸ್‌ವ್ಯಾಗನ್ ಟೈಗುನ್‌ನಲ್ಲಿ ಇರುವುದು ಅಂಥದ್ದು. ಅನುಮಾನ ಬಂದರೆ ಮ್ಯಾನ್ಯುಯಲ್ ತೆರೆಯಿರಿ. ವಾಲ್ವ್ ಲೋಹದ್ದಿದ್ದು ಬುಡದಲ್ಲಿ ನಟ್ ಇದ್ದರೆ ಒಳಗೆ ಸೆನ್ಸರ್ ಇರುವ ಸಾಧ್ಯತೆ ಜಾಸ್ತಿ. ಆದರೆ ರಬ್ಬರ್ ವಾಲ್ವ್ ಇದೆ ಅಂತ ಸೆನ್ಸರ್ ಇಲ್ಲ ಅನ್ನಬೇಡಿ. ರಬ್ಬರ್ ವಾಲ್ವ್‌ಗೆ ಕೂರುವ ಸೆನ್ಸರ್‌ಗಳೂ ಇವೆ.

ಪರೋಕ್ಷ ಬಗೆಯಾದರೆ ನಿಮ್ಮ ಕೆಲಸ ಅರ್ಧ ಕಡಿಮೆಯಾಯಿತು. ಹೊಸ ಚಕ್ರ ಹಾಕಿಸಿ, ಗಾಳಿ ಸರಿ ಮಾಡಿ, ರೀಸೆಟ್ ಒತ್ತಿದರೆ ಮುಗಿಯಿತು. ನೇರ ಬಗೆಯಾದರೆ ಹಳೆ ಸೆನ್ಸರ್ ಹೊಸ ಚಕ್ರಕ್ಕೆ ಹೋಗುತ್ತದಾ, ಇಲ್ಲ ಹೊಸದು ಬೇಕಾ ಅನ್ನುವುದನ್ನು ಮೊದಲೇ ತೀರ್ಮಾನಿಸಬೇಕು. ಟಿಪಿಎಂಎಸ್ಸೇ ಇಲ್ಲದ ಕಾರಾದರೆ, ಸೆನ್ಸರ್ ಹಾಕಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಹೇಗೂ ಟಯರ್ ಬಿಚ್ಚುತ್ತಾರೆ ಅಲ್ವಾ?

2. ಈಗಿರುವ ಚಕ್ರದ ಜಾತಕ ಬರೆದುಕೊಳ್ಳಿ

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಟಯರ್ ಅಳತೆ, ಮುಂದೆ ಎಷ್ಟು ಗಾಳಿ, ಹಿಂದೆ ಎಷ್ಟು, ಪೂರ್ತಿ ಲೋಡ್ ಇದ್ದಾಗ ಎಷ್ಟು ಅಂತ ಅದರಲ್ಲಿರುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ. ಎಷ್ಟೋ ಕಾರುಗಳಲ್ಲಿ ಅದೇ ಸ್ಟಿಕ್ಕರ್‌ನಲ್ಲಿ ಟಾಪ್ ಮಾಡೆಲ್‌ನ ಅಳತೆಯನ್ನೂ ಬರೆದಿರುತ್ತಾರೆ. ಆ ಸಾಲು ಮುಂದೆ ತುಂಬಾ ಬೇಕಾಗುತ್ತದೆ.

ಟಯರ್ ಪಕ್ಕದಲ್ಲಿ ಬರೆದ ಗರಿಷ್ಠ ಒತ್ತಡ, ಅಂದರೆ 44 ಅಥವಾ 51 ಪಿಎಸ್ಐ, ನೀವು ಹಾಕಿಸಬೇಕಾದ ಗಾಳಿಯಲ್ಲ. ಅದು ಆ ಟಯರ್‌ನ ಮಿತಿ. ಇದನ್ನು ನೋಡಿ 44 ಹೊಡೆಸಿಕೊಂಡು ಓಡಾಡುವವರು ಈಗಲೂ ಇದ್ದಾರೆ.

ಆಮೇಲೆ ಚಕ್ರದ ಅಳತೆಗಳು: ವ್ಯಾಸ, ಅಗಲ, ಪಿಸಿಡಿ, ನಡುವಿನ ತೂತು, ಆಫ್‌ಸೆಟ್, ನಟ್ಟಿನ ದಾರ. ಕೆಲವು ಡಿಸ್ಕ್‌ನ ಹಿಂಭಾಗದಲ್ಲೇ ಅಚ್ಚಾಗಿರುತ್ತವೆ. ಉಳಿದವು ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ ಸಿಗುತ್ತವೆ. ಪಿಸಿಡಿ, ಆಫ್‌ಸೆಟ್ ಅಂದರೆ ಏನು ಅನ್ನುವುದು ಮುಂದಿನ ಭಾಗದಲ್ಲಿದೆ.

3. ಚಕ್ರ ಆರಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಂಗಡಿಯವರು "ಸಾರ್, ಪಕ್ಕಾ ಕೂರುತ್ತೆ" ಅನ್ನುವುದು ಚಕ್ರ ಹಬ್ಬಿನ (ಕಾರಿನಲ್ಲಿ ಚಕ್ರ ಕೂರುವ ನಡುಭಾಗದ) ಮೇಲೆ ಏರುತ್ತದೆ ಅನ್ನುವ ಅರ್ಥದಲ್ಲಿ. ಏರುವುದು ಬೇರೆ, ಸರಿಯಾಗಿ ಕೂರುವುದು ಬೇರೆ.

ಮೊದಲು ಪಿಸಿಡಿ. ನಟ್ಟಿನ ತೂತುಗಳು ಎಷ್ಟು, ಅವುಗಳ ನಡುಬಿಂದುಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸ ಎಷ್ಟು ಅನ್ನುವುದೇ ಇದು. ಮಾರುತಿ ಸ್ವಿಫ್ಟ್‌ಗೆ 4×100. ಹ್ಯುಂಡೈ ಕ್ರೆಟಾಗೆ 5×114.3. ಫೋಕ್ಸ್‌ವ್ಯಾಗನ್ ಪೋಲೋಗೆ 5×100. ನಾಲ್ಕು ತೂತಿನದಾದರೆ ಎದುರುಬದುರಿನ ತೂತುಗಳ ನಡುವಿನ ಅಂತರ ಅಳೆದರೆ ಸಾಕು. ಐದು ತೂತಿನದಾದರೆ ಎದುರು ತೂತೇ ಇರುವುದಿಲ್ಲ. ಅಕ್ಕಪಕ್ಕದ ಎರಡು ತೂತುಗಳ ನಡುವಿನ ಅಂತರ ಅಳೆದು 1.701ರಿಂದ ಗುಣಿಸಿ. 67.2 ಮಿಲಿಮೀಟರ್ ಬಂದರೆ ಅದು 114.3. 65.8 ಬಂದರೆ ಅದು 112. ವ್ಯತ್ಯಾಸ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ. ಕಣ್ಣಳತೆಯಲ್ಲಿ ಗೊತ್ತಾಗುವುದೇ ಇಲ್ಲ, ನಟ್ ಬಿಗಿದರೆ ಕೂತ ಹಾಗೂ ಕಾಣಿಸುತ್ತದೆ. ಆದರೆ ನಟ್ಟುಗಳು ಓರೆಯಾಗಿ ಕೂರುತ್ತವೆ, ಬೋಲ್ಟ್ ಮೇಲೆ ಸದಾ ಎಳೆತ ಇರುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತವೆ. 4×98 ಮತ್ತು 4×100ರದ್ದೂ ಇದೇ ಕಥೆ. "ಎರಡು ಎಂಎಂ ಅಷ್ಟೇ" ಅಂದರೆ ಅಲ್ಲಿಂದ ಎದ್ದು ಬನ್ನಿ.

ನಡುವಿನ ತೂತು ಹಬ್ಬಿಗೆ ಬಿಗಿಯಾಗಿ ಕೂರಬೇಕು. ಸ್ವಿಫ್ಟ್‌ನ ಹಬ್ 54.1 ಮಿಲಿಮೀಟರ್, ಪೋಲೋದ್ದು 57.1. ಬೇರೆ ಬೇರೆ ಕಾರಿಗೆ ಆಗಲಿ ಅಂತ ಹೊರಗಿನ ಅಲಾಯ್‌ಗಳಲ್ಲಿ ತೂತು ದೊಡ್ಡದಾಗಿಯೇ ಇರುತ್ತದೆ. ಆ ಸಂದಿಗೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ರಿಂಗ್ ಹಾಕುತ್ತಾರೆ. ನಿಮ್ಮ ಹಬ್ಬಿನ ಅಳತೆಯ ರಿಂಗ್ ಕೇಳಿ ಹಾಕಿಸಿಕೊಳ್ಳಿ. ಹಾಕದಿದ್ದರೆ 80ರ ವೇಗ ದಾಟಿದ ಮೇಲೆ ಸ್ಟೇರಿಂಗ್ ನಡುಗಬಹುದು, ಬ್ಯಾಲೆನ್ಸಿಂಗ್ ಎಷ್ಟು ಮಾಡಿಸಿದರೂ ಹೋಗುವುದಿಲ್ಲ. ತೂತು ಹಬ್ಬಿಗಿಂತ ಚಿಕ್ಕದಿದ್ದರೆ ಆ ಚಕ್ರ ನಿಮ್ಮದಲ್ಲ. ಲೇತ್‌ನಲ್ಲಿ ಕೊರೆಸುವ ಉಪಾಯಕ್ಕೆ ಹೋಗಬೇಡಿ.

ಇನ್ನು ಆಫ್‌ಸೆಟ್. ಚಕ್ರದ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ಮಿಲಿಮೀಟರ್ ಆಚೆ ಇದೆ ಅನ್ನುವುದು. ಇಟಿ 45 ಅಂತ ಬರೆದಿರುತ್ತಾರೆ. ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚುತ್ತದೆ. ಅಗಲವೂ ಬದಲಾದರೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಒಂದು ಉದಾಹರಣೆ ನೋಡಿ. ಹಳೆಯದು 5.5 ಇಂಚು ಅಗಲ, ಇಟಿ 50. ಹೊಸದು 7 ಇಂಚು ಅಗಲ, ಇಟಿ 40. ಅಗಲ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ಹೆಚ್ಚಾಯಿತು. ಅದರಲ್ಲಿ 19 ಒಳಕ್ಕೆ, 19 ಹೊರಕ್ಕೆ. ಇಟಿ 10 ಕಡಿಮೆ ಆದ್ದರಿಂದ ಇಡೀ ಚಕ್ರ 10 ಹೊರಕ್ಕೆ ಸರಿಯುತ್ತದೆ. ಒಟ್ಟು ಒಳಗೆ 9 ಮಿಲಿಮೀಟರ್ ಜಾಸ್ತಿ, ಹೊರಗೆ 29 ಮಿಲಿಮೀಟರ್ ಜಾಸ್ತಿ. 29 ಅಂದರೆ ಮಡ್‌ಗಾರ್ಡ್ ಅಂಚು ದಾಟುವ ಅಪಾಯ. ಹಿಂದೆ ಇಬ್ಬರು ಕೂತು ಒಂದು ಹಂಪ್ ಹಾರಿದರೆ ಟಯರ್ ತಗಡಿಗೆ ಉಜ್ಜುತ್ತದೆ. ಬೇರಿಂಗ್ ಮೇಲೂ ಹೊರೆ ಜಾಸ್ತಿ. ನನ್ನ ಮಟ್ಟಿಗೆ ಹೊರಗೆ 10ರಿಂದ 12 ಮಿಲಿಮೀಟರ್ ದಾಟಬಾರದು. ಸ್ಪೇಸರ್ (ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ) ಹಾಕಿ ಸರಿಮಾಡುತ್ತೇವೆ ಅಂದರೂ ಬೇಡ ಅನ್ನಿ.

ಚಕ್ರ ಹೊರುವ ಭಾರವನ್ನೂ ನೋಡಬೇಕು. ಒಳ್ಳೆಯ ಅಲಾಯ್‌ನ ಹಿಂಬದಿಯಲ್ಲಿ ಎಷ್ಟು ಕಿಲೋ ಹೊರುತ್ತದೆ ಅಂತ ಅಚ್ಚಾಗಿರುತ್ತದೆ. ಕಾರಿನ ಒಂದು ಆಕ್ಸಲ್ ಮೇಲೆ ಬೀಳಬಹುದಾದ ಗರಿಷ್ಠ ಭಾರದ ಅರ್ಧಕ್ಕಿಂತ ಅದು ಜಾಸ್ತಿ ಇರಲೇಬೇಕು. ಐಎಸ್ಐ ಗುರುತು ಹುಡುಕಿ. ಜಪಾನಿನ ಜೆಡಬ್ಲ್ಯುಎಲ್, ವಿಐಎ ಗುರುತುಗಳೂ ಇರಬಹುದು. ಇದ್ಯಾವುದೂ ಇಲ್ಲದ, ಭಾರದ ಸಂಖ್ಯೆಯೂ ಇಲ್ಲದ ಚಕ್ರ ಅರ್ಧ ರೇಟಿಗೆ ಸಿಕ್ಕರೂ ಬೇಡ.

ಸೆಕೆಂಡ್ ಹ್ಯಾಂಡ್ ಅಲಾಯ್ ಕೊಳ್ಳುವುದು ತಪ್ಪಲ್ಲ. ಆದರೆ ಟಯರ್ ಇಲ್ಲದ ಬರೀ ಚಕ್ರವನ್ನು ಬ್ಯಾಲೆನ್ಸಿಂಗ್ ಮಷಿನ್ ಮೇಲೆ ತಿರುಗಿಸಿ ತೋರಿಸಲು ಹೇಳಿ. ಅಂಚು ಅಲ್ಲಾಡುತ್ತಿದ್ದರೆ ಬಾಗಿದೆ ಅಂತ ಅರ್ಥ. ಒಳಮೈಯಲ್ಲಿ ಬೆಸುಗೆ ಹಾಕಿದ ಗುರುತು ಕಂಡರೆ ಅಲ್ಲೇ ಬಿಟ್ಟು ಬನ್ನಿ.

ನಟ್ಟುಗಳ ಬಗ್ಗೆ ಜನ ಯೋಚಿಸುವುದೇ ಇಲ್ಲ. ಸುಜುಕಿ ಕಾರುಗಳಲ್ಲಿ ದಾರ ಎಂ12×1.25. ಹ್ಯುಂಡೈ, ಹೋಂಡಾ, ಟೊಯೋಟಾಗಳ ಹೆಚ್ಚಿನ ಕಾರುಗಳಲ್ಲಿ ಎಂ12×1.5. ಒಂದರ ನಟ್ ಇನ್ನೊಂದಕ್ಕೆ ಎರಡು ಸುತ್ತು ಹೋಗಿ ನಿಲ್ಲುತ್ತದೆ. ನಟ್ ಬಿಗಿಯುವ ಗನ್ ಇಟ್ಟರೆ ದಾರ ಕಿತ್ತುಹೋಗುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ನಟ್ ಅಲ್ಲ, ಬೋಲ್ಟ್. ಅದರ ತಲೆಯ ಕೆಳಭಾಗ ಗುಂಡಗಿರುತ್ತದೆ, ಹೊರಗಿನ ಅಲಾಯ್‌ಗಳು ಹೆಚ್ಚಾಗಿ ಕೇಳುವುದು ಚೂಪು ಕೋನದ್ದು. ಚಕ್ರದಲ್ಲಿ ನಟ್ ಕೂರುವ ಗುಂಡಿಯ ಆಕಾರ, ನಟ್ಟಿನ ಆಕಾರ ಎರಡೂ ಒಂದೇ ಇರಬೇಕು.

ಕೊನೆಯದಾಗಿ ವಾಲ್ವ್ ತೂತು. ಲೋಹದ ವಾಲ್ವ್ ಇರುವ ಸೆನ್ಸರ್ ಕೂರಲು ತೂತಿನ ಸುತ್ತ ಸಮತಟ್ಟಾದ ಜಾಗ ಬೇಕು. ಸೆನ್ಸರ್‌ನ ದೇಹ ಚಕ್ರದ ಒಳಮೈಗೆ ಒತ್ತಿಕೊಳ್ಳಬಾರದು, ಅಂಚಿಗಿಂತ ಮೇಲೆ ಎದ್ದೂ ನಿಲ್ಲಬಾರದು. ಟಯರ್ ಹಾಕುವ ಮೊದಲು ಬರೀ ಚಕ್ರಕ್ಕೆ ಒಂದು ಸೆನ್ಸರ್ ಕೂರಿಸಿ ನೋಡಲು ಹೇಳಿ. ಡಿಸೈನ್‌ಗೆ ಮರುಳಾಗಿ ದುಡ್ಡು ಕೊಟ್ಟುಬಿಡುವ ಮೊದಲೇ ಇದನ್ನು ನೋಡಬೇಕು.

4. ಟಯರ್ ಅಳತೆ

ಹೊಸ ಚಕ್ರ ದೊಡ್ಡದಾದಷ್ಟೂ ಟಯರ್ ಪಕ್ಕ ತೆಳ್ಳಗಾಗಬೇಕು. ಒಟ್ಟು ವ್ಯಾಸ ಬದಲಾಗಬಾರದು. ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗಳಿಗೆ ಬಂದ 165/80 ಆರ್14ರ ವ್ಯಾಸ 620 ಮಿಲಿಮೀಟರ್ ಸುಮಾರು. ಮೇಲಿನ ಮಾಡೆಲ್‌ನ 185/65 ಆರ್15 ಲೆಕ್ಕ ಹಾಕಿದರೆ 621. ಇನ್ನೂ ಒಂದು ಇಂಚು ಏರಿಸಿ 195/55 ಆರ್16 ಹಾಕಿದರೂ 621. ಮೂರೂ ಒಂದೇ. ಆದರೆ ಯಾರೋ ಹೇಳಿದರು ಅಂತ 205/65 ಆರ್15 ಹಾಕಿದರೆ 647ಕ್ಕೆ ಹೋಗುತ್ತದೆ, ಶೇಕಡ 4ಕ್ಕಿಂತ ಜಾಸ್ತಿ. ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಪಿಕಪ್ ಮಂದವಾಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಉಜ್ಜಬಹುದು.

ಲೆಕ್ಕ ಸುಲಭ. ಮೊದಲ ಸಂಖ್ಯೆಯನ್ನು ಎರಡನೆಯ ಸಂಖ್ಯೆಯ ಶೇಕಡಕ್ಕೆ ಇಳಿಸಿ, ಎರಡರಿಂದ ಗುಣಿಸಿ, ಅದಕ್ಕೆ ಇಂಚಿನ ಸಂಖ್ಯೆಯನ್ನು 25.4ರಿಂದ ಗುಣಿಸಿ ಕೂಡಿಸಿ.

ಲೋಡ್ ಇಂಡೆಕ್ಸ್, ಅಂದರೆ ಟಯರ್ ಹೊರುವ ಭಾರ ಹೇಳುವ ಸಂಖ್ಯೆ, ಕಂಪನಿಯದ್ದಕ್ಕಿಂತ ಇಳಿಯಬಾರದು. 85 ಅಂದರೆ ಒಂದು ಟಯರ್‌ಗೆ 515 ಕಿಲೋ, 87 ಅಂದರೆ 545, 88 ಅಂದರೆ 560.

ನನ್ನ ಅಭಿಪ್ರಾಯ ಕೇಳಿದರೆ ಸಣ್ಣ ಕಾರಿಗೆ ಒಂದು ಇಂಚು ಏರಿಸುವುದು ಸಾಕು. 165/80 ಆರ್14ರಲ್ಲಿ ಟಯರ್ ಪಕ್ಕ 132 ಮಿಲಿಮೀಟರ್ ಇದೆ, 195/55 ಆರ್16ರಲ್ಲಿ 107. ಆ 25 ಮಿಲಿಮೀಟರ್ ರಬ್ಬರೇ ನಮ್ಮ ರಸ್ತೆಯ ಗುಂಡಿಗೆ ಇರುವ ರಕ್ಷಣೆ. ನೋಡಲು ಚಂದ ನಿಜ, ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಇಳಿದಾಗ ಬಾಗುವುದೂ ಅದೇ ಅಲಾಯ್.

ಕಾನೂನಿನ ಮಾತು ಒಂದು. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ನಿಮ್ಮದೇ ಕಾರಿನ ಟಾಪ್ ಮಾಡೆಲ್‌ಗೆ ಕಂಪನಿಯೇ ಕೊಡುವ ಅಳತೆಯಲ್ಲಿ ನಿಂತರೆ ತಲೆನೋವು ಕಡಿಮೆ. ಸ್ಟಿಕ್ಕರ್‌ನಲ್ಲಿ ಗಾಳಿಯ ಲೆಕ್ಕವೂ ಸಿದ್ಧವಾಗಿ ಸಿಗುತ್ತದೆ.

5. ಯಾವ ಸೆನ್ಸರ್?

ಕಾರಿನಲ್ಲಿ ನೇರ ಬಗೆ ಇದ್ದರೆ ಎರಡು ದಾರಿ. ಹಳೆಯದನ್ನೇ ಬಿಚ್ಚಿ ಹೊಸ ಚಕ್ರಕ್ಕೆ ಹಾಕಿಸಬಹುದು. ಕಾರು ಮೂರು ನಾಲ್ಕು ವರ್ಷದ್ದಾದರೆ ಇದೇ ಸರಿ. ಗುರುತಿನ ನಂಬರ್ ಅದೇ ಇರುವುದರಿಂದ ಕಾರಿಗೆ ಹೊಸದಾಗಿ ಕಲಿಸುವ ಕೆಲಸವೂ ಹೆಚ್ಚಾಗಿ ಇರುವುದಿಲ್ಲ. ವಾಲ್ವ್ ಸುತ್ತಲಿನ ರಬ್ಬರ್ ಸೀಲ್, ನಟ್, ಒಳಗಿನ ಪಿನ್ ಮಾತ್ರ ಹೊಸದು ಹಾಕಿಸಿ. ಹಳೆ ಸೀಲ್ ಮತ್ತೆ ಹಾಕಿದರೆ ನಿಧಾನವಾಗಿ ಗಾಳಿ ಸೋರುತ್ತದೆ.

ಸೆನ್ಸರ್ ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬರುತ್ತದೆ. ಅದನ್ನು ಒಳಗೆ ಮುಚ್ಚಿ ಸೀಲ್ ಮಾಡಿರುವುದರಿಂದ ಬದಲಿಸಲು ಬರುವುದಿಲ್ಲ. ಕಾರಿಗೆ ಆರೇಳು ವರ್ಷವಾಗಿದ್ದರೆ ಹಳೆಯದನ್ನು ಹೊಸ ಚಕ್ರದೊಳಗೆ ಹೂತಿಡುವುದು ಉಳಿತಾಯವಲ್ಲ. ಕಂಪನಿಯ ಹೊಸ ಸೆನ್ಸರ್ ಅಥವಾ ಪ್ರೋಗ್ರಾಂ ಮಾಡಬಹುದಾದ ಹೊರಗಿನ ಸೆನ್ಸರ್ ಹಾಕಿಸಿ. ಪ್ರೋಗ್ರಾಂ ಮಾಡುವ ಟೂಲ್ ಅಂಗಡಿಯಲ್ಲಿ ಇದೆಯಾ ಅಂತ ಮೊದಲೇ ಕೇಳಿ. ಹಳೆ ಸೆನ್ಸರ್‌ನ ನಂಬರನ್ನೇ ಹೊಸದಕ್ಕೆ ಬರೆದುಕೊಡುವವರೂ ಇದ್ದಾರೆ, ಆಗ ಕಾರಿಗೆ ಬದಲಾದದ್ದೇ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿರುವ ಅಣ್ಣನೋ ಭಾವನೋ ಬರುವಾಗ ಅಗ್ಗಕ್ಕೆ ಸೆನ್ಸರ್ ತಂದುಕೊಡುತ್ತೇನೆ ಅಂದರೆ ಸ್ವಲ್ಪ ತಡೆಯಿರಿ. ಅಲ್ಲಿ 315 ಮೆಗಾಹರ್ಟ್ಸ್‌ನ ಸೆನ್ಸರ್‌ಗಳು ಬಹಳ. ನಮ್ಮ ಕಾರುಗಳು ಕೇಳುವುದು 433. ನೋಡಲು ಎರಡೂ ಒಂದೇ ಥರ, ಆದರೆ ಕಾರಿಗೆ ಕೇಳಿಸುವುದೇ ಇಲ್ಲ.

ಟಿಪಿಎಂಎಸ್ ಇಲ್ಲದ ಕಾರಿಗೆ ಹೊರಗಿನ ಕಿಟ್ ಸಿಗುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಸೋಲಾರ್ ಡಿಸ್‌ಪ್ಲೇ, ನಾಲ್ಕು ಸೆನ್ಸರ್. ಸೆನ್ಸರ್ ಎರಡು ಥರ: ಒಳಗೆ ಕೂರುವುದು, ವಾಲ್ವ್ ಕ್ಯಾಪ್ ಜಾಗದಲ್ಲಿ ತಿರುಗಿಸಿ ಹಾಕುವುದು. ಕ್ಯಾಪ್ ಥರದ್ದು ಅಗ್ಗ, ಬ್ಯಾಟರಿ ನೀವೇ ಬದಲಿಸಬಹುದು. ಆದರೆ ವಾಲ್ವ್ ಪಿನ್ನನ್ನು ಅದು ಸದಾ ಒತ್ತಿಹಿಡಿದೇ ಇರುತ್ತದೆ. ಕ್ಯಾಪ್‌ನ ಸೀಲ್ ಕೆಟ್ಟರೆ ಗಾಳಿ ಹೊರಗೆ. ರಬ್ಬರ್ ವಾಲ್ವ್ ಮೇಲೆ ಹಾಕಿದರೆ ಚಕ್ರ ತಿರುಗುವಾಗ ಅದರ ಭಾರಕ್ಕೆ ವಾಲ್ವ್ ಬಾಗಿ ಬಾಗಿ ಬುಡದಲ್ಲಿ ಸೀಳುತ್ತದೆ. ಹಾಕಲೇಬೇಕು ಅಂದರೆ ಲೋಹದ ವಾಲ್ವ್ ಹಾಕಿಸಿಕೊಂಡು ಹಾಕಿ. ಹೇಗೂ ಟಯರ್ ಬಿಚ್ಚಿರುವಾಗ ಒಳಗಿನ ಸೆನ್ಸರ್ ಹಾಕಿಸುವುದೇ ವಾಸಿ. ಬೀದಿಯಲ್ಲಿ ನಿಲ್ಲಿಸಿದ ಕಾರಿಂದ ಯಾರೂ ಬಿಚ್ಚಿಕೊಂಡು ಹೋಗುವುದಿಲ್ಲ.

ಕರಾವಳಿಯವರಿಗೆ ಒಂದು ಮಾತು. ಸೆನ್ಸರ್‌ನ ಲೋಹದ ವಾಲ್ವ್ ಹೆಚ್ಚಾಗಿ ಅಲ್ಯೂಮಿನಿಯಂದು. ಅದಕ್ಕೆ ಮಾಮೂಲಿ ಹಿತ್ತಾಳೆ ಪಿನ್ ಹಾಕಿದರೆ ಉಪ್ಪುಗಾಳಿಗೆ ಎರಡೂ ಕಚ್ಚಿಕೊಂಡು ಬಿಡುತ್ತವೆ. ನಿಕ್ಕಲ್ ಲೇಪದ ಪಿನ್ ಹಾಕಿಸಿ, ಕ್ಯಾಪ್ ಪ್ಲಾಸ್ಟಿಕ್‌ನದ್ದೇ ಇರಲಿ. ಹೊಳೆಯುವ ಲೋಹದ ಕ್ಯಾಪ್ ಉಡುಪಿ, ಕಾರವಾರದ ಮಳೆಗಾಲ ಕಳೆದ ಮೇಲೆ ಕೈಯಲ್ಲಿ ಬಿಚ್ಚಲು ಬರುವುದಿಲ್ಲ.

6. ಹಾಕಿಸುವ ದಿನ

ಟಯರ್ ಬಿಚ್ಚುವ ಹುಡುಗನಿಗೆ ಮೊದಲೇ ಹೇಳಿ: "ಒಳಗೆ ಸೆನ್ಸರ್ ಇದೆ." ಇದೊಂದು ಮಾತು ಹೇಳದೆ ಸೆನ್ಸರ್ ಮುರಿದುಕೊಂಡವರು ತುಂಬಾ ಜನ. ಟಯರ್ ಅಂಚನ್ನು ಒತ್ತಿ ಬಿಡಿಸುವ ಮಷಿನ್‌ನ ಹಲಗೆಯನ್ನು ವಾಲ್ವ್‌ನ ಹತ್ತಿರ ಇಡಬಾರದು, ಎದುರು ದಿಕ್ಕಿನಲ್ಲಿ ಇಡಬೇಕು. ಮೊದಲು ಗಾಳಿ ಪೂರ್ತಿ ಬಿಟ್ಟಿರಬೇಕು.

ಹೊಸ ಚಕ್ರಕ್ಕೆ ಸೆನ್ಸರ್ ಹಾಕುವಾಗ ವಾಲ್ವ್‌ನ ನಟ್ಟನ್ನು ಕೈ ಸ್ಪ್ಯಾನರ್‌ನಲ್ಲೇ ಬಿಗಿಯಬೇಕು. ಅದಕ್ಕೆ ಬೇಕಾದದ್ದು ಹೆಚ್ಚೆಂದರೆ 4ರಿಂದ 8 ನ್ಯೂಟನ್ ಮೀಟರ್, ಸರಿಯಾದ ಸಂಖ್ಯೆ ಸೆನ್ಸರ್‌ನ ಡಬ್ಬಿ ಮೇಲೆ ಇರುತ್ತದೆ. ಜೋರು ಮಾಡಿದರೆ ವಾಲ್ವೇ ಮುರಿಯುತ್ತದೆ. ಟಯರ್ ಏರಿಸುವಾಗ ಎರಡನೆಯ ಅಂಚು ಕೊನೆಗೆ ಒಳಬೀಳುವ ಜಾಗ ಸೆನ್ಸರ್‌ನಿಂದ ದೂರ ಇರಬೇಕು. ಬಲ್ಲವರಿಗೆ ಇದು ಗೊತ್ತಿರುತ್ತದೆ.

ಗಾಳಿ ತುಂಬಿದ ಮೇಲೆ ವಾಲ್ವ್ ಬುಡಕ್ಕೆ, ಟಯರ್ ಅಂಚಿಗೆ ಸೋಪಿನ ನೀರು ಹಾಕಿ ನೋಡಿಸಿ. ಆಮೇಲೆ ಬ್ಯಾಲೆನ್ಸಿಂಗ್. ಸೆನ್ಸರ್‌ಗೂ ತೂಕ ಇರುವುದರಿಂದ ಅದು ಕೂತ ಮೇಲೆಯೇ ಬ್ಯಾಲೆನ್ಸಿಂಗ್ ಆಗಬೇಕು.

ಚಕ್ರ ಕಾರಿಗೆ ಏರಿಸುವ ಮೊದಲು ಹಬ್ಬಿನ ಮುಖದ ತುಕ್ಕು ಬ್ರಷ್‌ನಲ್ಲಿ ತೆಗೆಸಿ. ನಟ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಬೇಕು, ಸಲೀಸಾಗಿ ಹೋಗಬೇಕು. ಎಂ12×1.5 ದಾರದಲ್ಲಿ ಎಂಟು ಸುತ್ತಾದರೂ, 1.25ರಲ್ಲಿ ಹತ್ತು ಸುತ್ತಾದರೂ ಹಿಡಿದಿರಬೇಕು. ಅದಕ್ಕಿಂತ ಕಡಿಮೆ ಆದರೆ ಬೋಲ್ಟ್ ಸಾಲದು. ದಾರಕ್ಕೆ ಗ್ರೀಸ್, ಆಯಿಲ್ ಹಚ್ಚಬಾರದು, ಹಚ್ಚಿದರೆ ಅದೇ ಬಲಕ್ಕೆ ಬೋಲ್ಟ್ ಅತಿಯಾಗಿ ಎಳೆಯಲ್ಪಡುತ್ತದೆ.

ಕಾರು ಇಳಿಸಿ ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಲದಲ್ಲಿ ಬಿಗಿಯುತ್ತಿದೆ ಅಂತ ತೋರಿಸುವ ಸ್ಪ್ಯಾನರ್), ಎದುರುಬದುರು ಕ್ರಮದಲ್ಲಿ. ಸಣ್ಣ ಕಾರುಗಳಿಗೆ ಸುಮಾರು 85ರಿಂದ 120 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ನಿಮ್ಮದು ಎಷ್ಟು ಅಂತ ಮ್ಯಾನ್ಯುಯಲ್ ನೋಡಿ ಚೀಟಿಯಲ್ಲಿ ಬರೆದುಕೊಂಡಿರಿ. ಗನ್‌ನಲ್ಲಿ ಗರ್ರ್ ಅನ್ನಿಸಿ "ಆಯ್ತು ಸಾರ್" ಅಂದರೆ ಒಪ್ಪಬೇಡಿ. ಟಾರ್ಕ್ ರೆಂಚ್ ಇಲ್ಲದ ಅಂಗಡಿಯಲ್ಲಿ ಅಲಾಯ್ ಹಾಕಿಸಬೇಕಾ ಅನ್ನುವುದೇ ಒಂದು ಪ್ರಶ್ನೆ.

ಅಲ್ಲೇ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಹಿಂದೆ ಮೂರು ಜನರನ್ನು ಕೂರಿಸಿಕೊಂಡು ಒಂದು ಹಂಪ್ ದಾಟಿ ಬನ್ನಿ. ಉಜ್ಜಿದರೆ ಆಗಲೇ ವಾಪಸ್ ಕೊಡುವ ಮಾತಾಡಿ. ಎಲ್ಲ ಸರಿ ಇದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚ್‌ನಲ್ಲಿ ನೋಡಿಸಿ. ಹೊಸ ಅಲಾಯ್‌ನ ಬಣ್ಣ ಒತ್ತಿಕೊಂಡು ಬಿಗಿ ಸ್ವಲ್ಪ ಇಳಿದಿರುತ್ತದೆ.

7. ಗಾಳಿ ಸರಿ ಮಾಡಿ, ಕಾರಿಗೆ ಕಲಿಸಿ

ಟಾಪ್ ಮಾಡೆಲ್‌ನ ಅಳತೆಯೇ ಆದರೆ ಸ್ಟಿಕ್ಕರ್‌ನ ಆ ಸಾಲಿನ ಗಾಳಿ ಹಾಕಿ. ಬೇರೆ ಅಳತೆಯಾದರೆ ಲೋಡ್ ಇಂಡೆಕ್ಸ್ ಹೋಲಿಸಿ. ಅದು ಅಷ್ಟೇ ಅಥವಾ ಜಾಸ್ತಿ ಇದ್ದರೆ ಹಳೆ ಗಾಳಿಯೇ ಸಾಕು. ಕಂಪನಿ 88 ಕೊಟ್ಟ ಕಡೆ 87 ಬಂದುಬಿಟ್ಟಿದೆ ಅಂದರೆ, ಅದೇ ಭಾರ ಹೊರಲು ಸುಮಾರು ಒಂದು ಪಿಎಸ್ಐ ಜಾಸ್ತಿ ಬೇಕು.

ಅಳೆಯುವುದು ತಣ್ಣಗಿರುವಾಗ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಇಲ್ಲವೇ ಮೂರು ಗಂಟೆ ನಿಂತ ಮೇಲೆ. 10 ಡಿಗ್ರಿ ಬಿಸಿ ಏರಿದರೆ ಟಯರ್‌ನಲ್ಲಿ ಸುಮಾರು ಒಂದೂವರೆ ಪಿಎಸ್ಐ ಏರುತ್ತದೆ. ಹೈವೇಯಲ್ಲಿ ಓಡಿಸಿ ಬಂದಾಗ 33ರ ಜಾಗದಲ್ಲಿ 37 ಕಂಡರೆ ಗಾಳಿ ಬಿಡಬೇಡಿ, ಅದು ಸಹಜ. ಬೆಂಗಳೂರಿನವರು ಘಟ್ಟ ಇಳಿದು ಮಂಗಳೂರಿಗೆ ಹೋದರೆ ಇನ್ನೊಂದು ತಮಾಷೆ ಇದೆ. ಕೆಳಗೆ ಹೊರಗಿನ ಗಾಳಿಯ ಒತ್ತಡ ಜಾಸ್ತಿ, ಹಾಗಾಗಿ ಗೇಜ್ ಸುಮಾರು ಒಂದೂವರೆ ಪಿಎಸ್ಐ ಕಡಿಮೆ ತೋರಿಸಬೇಕು. ಆದರೆ ಅಲ್ಲಿನ ಸೆಕೆ ಅದನ್ನು ಹೆಚ್ಚು ಕಡಿಮೆ ವಾಪಸ್ ಕೊಡುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನೈಟ್ರೋಜನ್‌ಗೆ ದುಡ್ಡು ಕೊಡಬೇಕಿಲ್ಲ. ಮಾಮೂಲಿ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ.

ಪರೋಕ್ಷ ಬಗೆಯಾದರೆ ಗಾಳಿ ಸರಿಯಾದ ಮೇಲೆಯೇ ರೀಸೆಟ್ ಒತ್ತಿ. ಒತ್ತಿದ ಕ್ಷಣದ ಸ್ಥಿತಿಯನ್ನೇ ಅದು ಸರಿ ಅಂತ ಕಲಿಯುತ್ತದೆ. ದೀಪದ ಕಾಟ ತಾಳದೆ 26 ಪಿಎಸ್ಐ ಇರುವಾಗ ಒತ್ತಿಬಿಟ್ಟರೆ 26ನ್ನೇ ನಂಬಿಕೊಂಡು ಕೂರುತ್ತದೆ. ಟಯರ್ ಹಿಂದೆ ಮುಂದೆ ಬದಲಿಸಿದಾಗಲೂ ರೀಸೆಟ್ ಬೇಕು.

ನೇರ ಬಗೆಯಲ್ಲಿ ಹೊಸ ಸೆನ್ಸರ್ ಹಾಕಿದ್ದರೆ ಕಾರಿಗೆ ಆ ನಂಬರ್‌ಗಳನ್ನು ಕಲಿಸಬೇಕು. ಕೆಲವು ಕಾರು 10ರಿಂದ 20 ನಿಮಿಷ ಓಡಿಸಿದರೆ ತಾನೇ ಕಲಿಯುತ್ತದೆ, ಕೆಲವಕ್ಕೆ ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಒಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಹಾಕಬೇಕು. ಕಲಿತಿದೆಯಾ ಅಂತ ನೋಡಲು ಒಂದು ಟಯರ್‌ನಿಂದ ಮೂರು ನಾಲ್ಕು ಪಿಎಸ್ಐ ಗಾಳಿ ಬಿಟ್ಟು ಸ್ವಲ್ಪ ಓಡಿಸಿ. ಮೀಟರ್‌ನಲ್ಲಿ ಅದೇ ಟಯರ್‌ನ ಸಂಖ್ಯೆ ಇಳಿದರೆ ಸರಿ. ಬೇರೆ ಟಯರ್‌ದು ಇಳಿದರೆ ಜಾಗ ಅದಲುಬದಲಾಗಿದೆ. ಹೊರಗಿನ ಕಿಟ್‌ನಲ್ಲಿ ಎಚ್ಚರಿಕೆಯ ಮಿತಿ ನೀವೇ ಇಡಬಹುದು. 33 ಹಾಕುವ ಟಯರ್‌ಗೆ ಕೆಳಮಿತಿ 27, ಮೇಲ್ಮಿತಿ 42 ಇಟ್ಟರೆ ಸುಮ್ಮನೆ ಕಿರುಚುವುದಿಲ್ಲ.

ದೀಪದ ಭಾಷೆ ತಿಳಿದಿರಲಿ. ಹತ್ತಿ ಹಾಗೇ ನಿಂತರೆ ಗಾಳಿ ಕಡಿಮೆ. ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷದಷ್ಟು ಮಿಣುಕಿ ಆಮೇಲೆ ಹತ್ತಿಕೊಂಡೇ ಉಳಿದರೆ ಗಾಳಿಯದ್ದಲ್ಲ, ಯಾವುದೋ ಸೆನ್ಸರ್‌ನ ಮಾತು ಕಾರಿಗೆ ಕೇಳಿಸುತ್ತಿಲ್ಲ. ಅಲಾಯ್ ಹಾಕಿಸಿದ ಮರುದಿನ ಬರುವುದು ಹೆಚ್ಚಾಗಿ ಇದೇ.

ಅಮೆರಿಕದಲ್ಲಿ 2000ದಲ್ಲಿ ಫೈರ್‌ಸ್ಟೋನ್ ಟಯರ್‌ಗಳ ದೊಡ್ಡ ಗಲಾಟೆ ಆದ ಮೇಲೆ ಕಾನೂನು ಬಂದು, 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಕಾರಿಗೂ ಟಿಪಿಎಂಎಸ್ ಕಡ್ಡಾಯವಾಯಿತು. ಅಲ್ಲಿನ ನಿಯಮ ಕೇಳುವುದು ಗಾಳಿ ಶೇಕಡ 25 ಇಳಿದಾಗ ದೀಪ ಹತ್ತಬೇಕು ಅಂತ. ಅಂದರೆ 33 ಇರಬೇಕಾದದ್ದು 25ಕ್ಕೆ ಬಂದಾಗ. 28ರಲ್ಲಿ ಓಡುತ್ತಿದ್ದರೂ ದೀಪ ಸುಮ್ಮನಿರಬಹುದು. ತೆಳ್ಳನೆಯ ಟಯರ್‌ಗೆ 28 ಅಂದರೆ ಗುಂಡಿಯಲ್ಲಿ ಅಲಾಯ್ ಅಂಚು ನೇರ ನೆಲಕ್ಕೆ ಬಡಿಯುವ ಸ್ಥಿತಿ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಗೇಜ್ ಇಟ್ಟು ನೋಡುವುದನ್ನು ಬಿಡಬೇಡಿ. ಬಂಕ್‌ನ ಮಷಿನ್ ನಂಬುವುದಕ್ಕಿಂತ ನಿಮ್ಮದೇ ಒಂದು ಗೇಜ್ ಇರಲಿ.

8. ಡಿಕ್ಕಿಯಲ್ಲಿ ಏನಿರಬೇಕು

ಸ್ಟೆಪ್ನಿ ಹೆಚ್ಚಾಗಿ ಹಳೆ ಸ್ಟೀಲ್ ಡಿಸ್ಕೇ ಆಗಿರುತ್ತದೆ, ಅದರಲ್ಲಿ ಸೆನ್ಸರ್ ಇರುವುದಿಲ್ಲ. ಅದನ್ನು ಹಾಕಿದಾಗ ದೀಪ ಹತ್ತುವುದು ಸಹಜ. ಹೊಸ ಅಲಾಯ್‌ನ ನಟ್ಟು ಸ್ಟೀಲ್ ಡಿಸ್ಕ್‌ಗೆ ಸರಿಯಾಗಿ ಕೂರದೇ ಇರಬಹುದು. ಬೋಲ್ಟ್ ಇರುವ ಕಾರಾದರೆ ಅಲಾಯ್‌ನ ಉದ್ದನೆಯ ಬೋಲ್ಟ್ ತೆಳು ಡಿಸ್ಕ್ ದಾಟಿ ಒಳಗೆ ಚಾಚಿ ಬ್ರೇಕ್ ಭಾಗಕ್ಕೆ ತಾಗಬಹುದು. ಒಂದು ಚಕ್ರಕ್ಕೆ ಸಾಕಾಗುವಷ್ಟು ಹಳೆ ನಟ್ ಅಥವಾ ಬೋಲ್ಟ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಸ್ಟೆಪ್ನಿ ಜೊತೆಗೇ ಇಡಿ. ಹೊಸ ಚಕ್ರದ ನಟ್ ಸಣ್ಣ ತಲೆಯದ್ದಾದರೆ ಕಂಪನಿಯ ವೀಲ್ ಸ್ಪ್ಯಾನರ್ ಅದಕ್ಕೆ ಹಿಡಿಯುತ್ತದಾ ಅಂತಲೂ ನೋಡಿಕೊಳ್ಳಿ.

ಟ್ಯೂಬ್‌ಲೆಸ್ ಟಯರ್, ಟಿಪಿಎಂಎಸ್ ಮತ್ತು ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಅಂತ 2020ರಲ್ಲಿ ನಮ್ಮಲ್ಲಿ ನಿಯಮ ಬದಲಾಯಿತು. ಅಂಥ ಕಿಟ್‌ನಲ್ಲಿ ಬರುವ ಅಂಟು ದ್ರವ ತುರ್ತಿಗೆ ಸರಿ. ಆದರೆ ಪಂಕ್ಚರ್ ಅಂಗಡಿಯಲ್ಲಿ "ಜೆಲ್ ಹಾಕಿಸಿ, ಪಂಕ್ಚರ್ರೇ ಆಗಲ್ಲ" ಅಂದರೆ ಒಳಗಿನ ಸೆನ್ಸರ್ ಇರುವವರು ಬೇಡ ಅನ್ನಬೇಕು. ಸೆನ್ಸರ್‌ನ ಸೂಜಿ ತೂತಿಗೆ ಅದು ಮೆತ್ತಿಕೊಂಡರೆ ಗಾಳಿ ಅಳೆಯುವುದು ನಿಲ್ಲುತ್ತದೆ. ತುರ್ತಿಗೆ ಬಳಸಿದ್ದರೆ ಟಯರ್ ಬಿಚ್ಚಿಸಿ ತೊಳೆಸಿ, ಸೆನ್ಸರ್ ಒರೆಸಿ ನೋಡಿಸಿ.

ಲಾಕ್ ನಟ್ ಹಾಕಿಸಿದ್ದರೆ ಅದರ ಕೀ ಸ್ಪ್ಯಾನರ್ ಚೀಲದಲ್ಲೇ ಇರಲಿ, ಮನೆಯ ಡ್ರಾಯರ್‌ನಲ್ಲಿ ಅಲ್ಲ. ಸರ್ವಿಸ್‌ಗೆ ಬಿಟ್ಟು ತಂದಾಗಲೆಲ್ಲ ಅದು ವಾಪಸ್ ಬಂದಿದೆಯಾ ಅಂತ ನೋಡಿ. ಅಲಾಯ್‌ನ ಬಿಲ್ಲನ್ನು ಇನ್ಶೂರೆನ್ಸ್ ಕಂಪನಿಗೆ ಕೊಟ್ಟು ಅಕ್ಸೆಸರಿ ಅಂತ ಪಾಲಿಸಿಯಲ್ಲಿ ಸೇರಿಸಿಕೊಳ್ಳಿ, ಸ್ವಲ್ಪ ಪ್ರೀಮಿಯಂ ಏರುತ್ತದೆ. ಸೇರಿಸದಿದ್ದರೆ ಅಲಾಯ್ ಕಳುವಾದಾಗ ಅದರ ದುಡ್ಡು ಕೇಳುವುದು ಕಷ್ಟ.